ಒಬ್ಬರು ಬರ್ತಾ ಇದ್ರು

ನಾಮಪತ್ರ ಹಾಕಿ ಬಂದ ಮಾರನೇ ದಿನವೇ ಪತ್ರಿಕೆಯವರು ಒಂದು ಫಾರಂ ಕಳಿಸಿದರು. ನಗರಸಭೆಗೆ ನಿಂತವರೆಲ್ಲ ತುಂಬಿ ಕೊಡಬೇಕಂತೆ. ಹೆಸರು, ವಯಸ್ಸು, ಉದ್ಯೋಗ ಎಲ್ಲ ಆದಮೇಲೆ ‘ನಿಮಗೆ ದಾರಿ ತೋರಿಸುವ ಮೌಲ್ಯಗಳು ಯಾವುವು?’ ಅಂತ ಒಂದು ಪ್ರಶ್ನೆ, ಅದರ ಕೆಳಗೆ ನಾಲ್ಕು ಖಾಲಿ ಗೆರೆ. ಇಪ್ಪತ್ತಾರು ವರ್ಷ ಸಿಟಿ ಬಸ್ಸು ಓಡಿಸಿದವಳಿಗೆ ದಾರಿಯ ಪ್ರಶ್ನೆ ಕೇಳ್ತಾರೆ ನೋಡಿ ಇವರು!

ಊರಿಗೆಲ್ಲ ಅವಳು ಡ್ರೈವರಕ್ಕ. ಅಡುಗೆಮನೆ ಮೇಜಿನ ಮೇಲೆ ಫಾರಂ ಹರಡಿಕೊಂಡು ಪೆನ್ನಿನ ತುದಿ ಕಚ್ಚುತ್ತಾ ಕೂತಿದ್ದಳು. ಜೊತೆಗೇ ಇರುವ ತಂಗಿ ಹಿಂದಿನಿಂದ ಇಣುಕಿದಳು.

“ಪ್ರಾಮಾಣಿಕತೆ, ಸೇವೆ, ಅಭಿವೃದ್ಧಿ ಅಂತ ಬರೆದು ಕಳಿಸೇ. ಎಲ್ಲರೂ ಅದನ್ನೇ ಬರೀತಾರೆ.”

“ಎಲ್ಲರೂ ಬರೆದಾಯ್ತಲ್ಲ, ಇನ್ನು ನಾನ್ಯಾಕೆ?” ಅಂದವಳೇ ಎದ್ದು ಬೀರುವಿನಿಂದ ಒಂದು ಪ್ಲಾಸ್ಟಿಕ್ ಕವರು ತಂದಳು. ಒಳಗೆ ಡಿಪೋದವರು ಕೊಟ್ಟ ಏಳು ಮೆಮೋ, ಎಲ್ಲವೂ ಬಸ್ಸು ತಡವಾಗಿ ತಂದಿದ್ದಕ್ಕೆ. ‘ಕಾರಣ’ ಅನ್ನೋ ಜಾಗದಲ್ಲಿ ಏಳಕ್ಕೂ ಅವಳ ದಪ್ಪ ಅಕ್ಷರದಲ್ಲಿ ಒಂದೇ ಉತ್ತರ: ಒಬ್ಬರು ಬರ್ತಾ ಇದ್ರು.

ಆಸ್ಪತ್ರೆಯ ಹಿಂದಿನ ಏರಿನಲ್ಲಿ ಒಂದು ಸ್ಟಾಪಿದೆ. ಆಸ್ಪತ್ರೆ ಗೇಟಿಂದ ಕೆಳಗೆ ಅಲ್ಲಿಗೆ ನಲವತ್ತೆರಡು ಮೆಟ್ಟಿಲು. ಕಾಲಿಗೆ ಕಟ್ಟು ಹಾಕಿಸಿಕೊಂಡವರು, ಕೂಸು ಹೊತ್ತವರು, ಹೊಲಿಗೆ ಬಿಚ್ಚಿಸಿಕೊಂಡು ಹೊಟ್ಟೆ ಹಿಡಿದುಕೊಂಡವರು ಆ ಮೆಟ್ಟಿಲು ಇಳಿಯೋದು ಕಣ್ಣಿಗೆ ಬಿದ್ದಮೇಲೆ ಗೇರ್ ಹಾಕೋಕೆ ಅವಳಿಗೆ ಕೈಯೇ ಬರ್ತಿರಲಿಲ್ಲ. ಅವಳು ಮಾಡಿದ ಘನ ಅಪರಾಧ ಇಷ್ಟೇ. ಈಗ ಮೂರು ಸಲ ಗೆದ್ದ ನಗರಸಭೆ ಸದಸ್ಯ, ‘ಏರಿನ ಸ್ಟಾಪಿಂದಲೇ ಬಸ್ಸೆಲ್ಲ ಲೇಟು, ನಾಲ್ಕನೇ ಸಲ ಗೆಲ್ಲಿಸಿ, ಮೊದಲ ತಿಂಗಳೇ ಅದನ್ನ ಕಿತ್ತು ಹಾಕಿಸ್ತೀನಿ’ ಅಂತ ಹೇಳಿಕೊಂಡು ತಿರುಗ್ತಿದ್ದ. ಆ ಮಾತು ಕಿವಿಗೆ ಬಿದ್ದ ದಿನವೇ ಅವಳು ಚುನಾವಣೆಗೆ ನಿಂತದ್ದು. ನಿವೃತ್ತಿಯಾಗಿ ಆರು ತಿಂಗಳೂ ಆಗಿರಲಿಲ್ಲ.

ಫಾರಮ್ಮಿನ ನಾಲ್ಕು ಗೆರೆ ಖಾಲಿ ಬಿಟ್ಟು, ಏಳು ಮೆಮೋದ ಜೆರಾಕ್ಸು ಪಿನ್ನು ಹೊಡೆದು ಕಳಿಸಿದಳು.

“ಅಯ್ಯೋ, ಮನೆ ಮಾನ ಹರಾಜು ಹಾಕ್ತಿದ್ದೀಯಲ್ಲೇ!” ತಂಗಿಗೆ ಅಳುವೇ ಬಂತು.

ಪತ್ರಿಕೆಯವರು ಏಳನ್ನೂ ಅಚ್ಚು ಹಾಕಿದರು. ಮೂರು ಸಲದವನಿಗೆ ಹಬ್ಬವೋ ಹಬ್ಬ. ಶಾಲೆಯ ಹಾಲಿನಲ್ಲಿ ಅಭ್ಯರ್ಥಿಗಳನ್ನೆಲ್ಲ ಕೂಡಿಸಿ ಸಭೆ ಮಾಡಿದ ದಿನ, ಆ ಪತ್ರಿಕೆ ಹಿಡಿದುಕೊಂಡೇ ಎದ್ದು ನಿಂತ.

“ನಾಲ್ಕನೇ ಮೆಮೋ, ಒಂಬತ್ತು ನಿಮಿಷ ಲೇಟು. ಬಸ್ಸೊಳಗೆ ಅರವತ್ತು ಜನ! ಯಾರಮ್ಮ ಅದು ಬರ್ತಾ ಇದ್ದದ್ದು? ಮಂತ್ರಿಗಳಾ?”

ಸಭೆಗೆ ಸಭೆಯೇ ನಕ್ಕಿತು. ಡ್ರೈವರಕ್ಕನ ಕಿವಿ ಬಿಸಿಯಾಯಿತು.

“ಯಾರೋ ಗೊತ್ತಿಲ್ಲ.”

“ಯಾರೋ ಗೊತ್ತಿಲ್ಲದವರಿಗೆ ಅರವತ್ತು ಜನರನ್ನ ಕಾಯಿಸಿದ್ರಾ?”

“ಹೂಂ ಸ್ವಾಮಿ, ಕಾಯಿಸಿದೆ. ಆ ಅರವತ್ತರಲ್ಲಿ ಎಷ್ಟು ಜನಕ್ಕೆ ಬೇರೆ ದಿನ ಕಾದಿದ್ದೀನೋ ಅವರನ್ನೇ ಕೇಳಿಕೊಳ್ಳಿ. ಹೆಸರು ಕೇಳಿ ಬಾಗಿಲು ತೆಗೆಯೋ ಬಸ್ಸು ನಾನು ಓಡಿಸಿಲ್ಲ, ಓಡಿಸೋದೂ ಇಲ್ಲ!”

ನಗು ನಿಂತಿತು. ಹಿಂದಿನ ಸಾಲಿನಲ್ಲಿ ಯಾರೋ ಶಿಳ್ಳೆ ಹೊಡೆದರು. ತಂಗಿ ಕೂಡ ಮೊದಲ ಸಲ ತಲೆ ಎತ್ತಿ ಕೂತಳು.

ಮತದಾನದ ದಿನ ಸಂಜೆ ಐದಕ್ಕೆ ಮತಗಟ್ಟೆಯ ಬಾಗಿಲು ಮುಚ್ಚಬೇಕು. ಅದಕ್ಕೆ ಮೂರು ನಿಮಿಷ ಇರುವಾಗಲೇ ಬಾಗಿಲು ಕಾಯುವವನು, ಮನೆಗೆ ಹೋಗೋ ಆತುರವೋ ಏನೋ, ಒಂದು ಕದ ಎಳೆದುಬಿಟ್ಟ. ಹೊರಗೆ ನಿಂತಿದ್ದ ಡ್ರೈವರಕ್ಕ ಎರಡನೇ ಕದಕ್ಕೆ ಕಾಲು ಅಡ್ಡ ಕೊಟ್ಟಳು.

“ಇನ್ನೂ ಟೈಮಿದೆ. ಒಬ್ಬರು ಬರ್ತಾ ಇದ್ದಾರೆ.”

ಅಂಗಳದ ಆ ತುದಿಯಲ್ಲಿ ಒಬ್ಬ ಮುದುಕಿ ವಾಕರ್ ಊರಿಕೊಂಡು ಇಷ್ಟಿಷ್ಟೇ ಬರುತ್ತಿದ್ದಳು. ತಂಗಿ ಅಕ್ಕನ ತೋಳು ಜಿಗುಟಿದಳು. “ತಲೆ ಕೆಟ್ಟಿದೆಯೇನೇ ನಿನಗೆ? ಅದು ಆ ಮೂರು ಸಲದವನ ಅಮ್ಮ! ಆ ವೋಟು ಎಲ್ಲಿ ಬೀಳುತ್ತೆ ಅಂತ ಗೊತ್ತಿಲ್ವಾ? ಕಾಲು ತೆಗಿ!”

ಸುಳ್ಳು ಯಾಕೆ ಹೇಳಲಿ, ಒಂದು ಗಳಿಗೆ ಆ ಕಾಲು ಹಿಂದೆ ಸರಿಯಿತು. ಏರಿನ ಸ್ಟಾಪು, ನಲವತ್ತೆರಡು ಮೆಟ್ಟಿಲು ಎಲ್ಲ ಕಣ್ಮುಂದೆ ಬಂತು. ಆಮೇಲೆ ತನ್ನ ಮೇಲೆಯೇ ರೇಗಿ ಮೊದಲಿಗಿಂತ ಗಟ್ಟಿಯಾಗಿ ಕಾಲೂರಿದಳು.

“ವೋಟು ಯಾರದಾದ್ರೂ ಆಗಲಿ, ಮಂಡಿನೋವು ಆ ಯಮ್ಮಂದು. ಸುಮ್ಮನಿರು.”

ಮುದುಕಿ ಒಳಗೆ ಹೋಗುವವರೆಗೂ ಅವಳು ಕಾಲು ತೆಗೆಯಲಿಲ್ಲ.

ಏಳು ವೋಟಿಂದ ಸೋತಳು. ತಂಗಿ ಎರಡು ದಿನ ಆ ಕಾಲನ್ನೇ ಬೈದಳು. ಮೂರು ಸಲದವನು ನಾಲ್ಕು ಸಲದವನಾದ, ಹೇಳಿದ ಹಾಗೆ ಮೊದಲ ತಿಂಗಳೇ ಏರಿನ ಸ್ಟಾಪಿನ ಕಂಬ ಕೀಳಿಸಿದ.

ಮಾರನೇ ಬೆಳಿಗ್ಗೆ ಡ್ರೈವರಕ್ಕ ಹೋಗಿ ಕಂಬ ಕಿತ್ತ ಗುಂಡಿಯ ಪಕ್ಕ, ರಸ್ತೆಗೇ ಕೈ ಅಡ್ಡ ಹಿಡಿದು ನಿಂತಳು. ಬಸ್ಸು ಕಿರ್‍ರೆಂದು ನಿಂತಿತು. ಹೊಸ ಡ್ರೈವರು ಕಿಟಕಿಯಿಂದ ತಲೆ ಹಾಕಿದ.

“ಅಕ್ಕ, ಇಲ್ಲೀಗ ಸ್ಟಾಪಿಲ್ಲ, ನನಗೆ ಮೆಮೋ ಕೊಡ್ತಾರೆ!”

“ಕೊಡಲಿ ಬಿಡು. ಕಾರಣ ಏನು ಬರೀಬೇಕು ಅಂತ ನಾನು ಹೇಳಿಕೊಡ್ತೀನಿ.”

ಆಸ್ಪತ್ರೆಯ ಮೆಟ್ಟಿಲ ಮೇಲೆ ವಾಕರ್ ಟಕ್ ಟಕ್ ಅಂತು. ಅದೇ ಮುದುಕಿ, ಮಂಡಿಗೆ ಹೊಸ ಪಟ್ಟಿ. ಒಂದೊಂದೇ ಮೆಟ್ಟಿಲು ಇಳಿದು, ಏದುಸಿರು ಬಿಡುತ್ತಾ ಬಂದು ಬಸ್ಸಿನ ಬಾಗಿಲ ಹತ್ತಿರ ನಿಂತಳು. ಡ್ರೈವರಕ್ಕನ ಮುಖ ನೋಡಿ ಕಣ್ಣು ತಗ್ಗಿಸಿದಳು.

“ವೋಟು ನನ್ನ ಮಗನಿಗೇ ಹಾಕಿದೆ ಕಣಮ್ಮ.”

“ನಾನು ಕೇಳಿದ್ನಾ?” ಡ್ರೈವರಕ್ಕ ವಾಕರ್ ಇಸಕೊಂಡು ತೋಳು ಕೊಟ್ಟಳು. “ಹುಷಾರಾಗಿ ಕಾಲಿಡಿ, ಎತ್ತರ ಇದೆ.”