ಏಡಿಯ ಕಾಲಷ್ಟೇ ಬೇಕೆಂದದ್ದು

ಏಡಿಯ ಕಾಲಿನ ನರ ತನ್ನ ಪಕ್ಕದ ಕೋಶಗಳಿಗೆ ಸುದ್ದಿ ಮುಟ್ಟಿಸುತ್ತದೆಯೇ ಎಂದು ನೋಡುವುದು ನನ್ನ ಪಿಎಚ್.ಡಿ. ಕೆಲಸ. ನರ ಮಿಡಿದಾಗ ಗ್ಲುಟಮೇಟ್ ಎಂಬ ವಸ್ತು ಹೊರಬೀಳುತ್ತದೆ. ನರವನ್ನು ಸುತ್ತಿಕೊಂಡಿರುವ ಗ್ಲಿಯಾ ಕೋಶಗಳ ಮೇಲಿನ ಗ್ರಾಹಕಗಳು ಅದನ್ನು ಹಿಡಿಯಬೇಕು, ಆಗ ಆ ಕೋಶಗಳ ವಿದ್ಯುತ್ತನ್ನು ತೋರಿಸುವ ಪರದೆಯ ಮೇಲಿನ ಗೆರೆ ಅಲುಗಬೇಕು. ನನ್ನ ಗೆರೆ ಅಲುಗಿರಲಿಲ್ಲ. ಮಾರ್ಕೆಟ್ಟಿನಿಂದ ತಂದ ಏಡಿಗಳು ಐಸಿನಲ್ಲೇ ಅರೆಜೀವವಾಗಿರುತ್ತಿದ್ದವು. ಸೋಮವಾರ ಕೊನೆಯ ಅವಕಾಶ, ಅಲುಗದಿದ್ದರೆ ವಿಷಯ ಬದಲಿಸು ಎಂದು ಗೈಡ್ ಹೇಳಿದ್ದರು.

ಶನಿವಾರವೇ ಚನ್ನರಾಯನದುರ್ಗದ ಪಕ್ಕದ ಸೋದರತ್ತೆಯ ಊರಿಗೆ ಹೋದೆ. ಸಂಜೆ ಮಾವ ಗದ್ದೆಯಲ್ಲಿ ಏಡಿ ಹಿಡಿದು ಬಕೆಟ್ಟಿಗೆ ಹಾಕಿದರು. ಗ್ಲುಟಮೇಟ್ ಅಂದರೇನೆಂದು ಅತ್ತೆ ಕೇಳಿದಾಗ, ಮಧುಗಿರಿ ಬಸ್‌ಸ್ಟ್ಯಾಂಡಿನ ಗೋಬಿ ಗಾಡಿಯವನು ಉದುರಿಸುವ ಟೇಸ್ಟಿಂಗ್ ಪೌಡರಿನಲ್ಲಿರುವುದೂ ಅದೇ ಎಂದೆ.

ಬೆಳಿಗ್ಗೆ ನೋಡಿದರೆ ಬಕೆಟ್ ಖಾಲಿ.

"ಅತ್ತೆ, ಏಡಿ ಎಲ್ಲಿ?"

"ಕಾಲೆಲ್ಲಾ ಕವರ್‌ಗೆ ಕಟ್ಟಿ ಫ್ರಿಜ್ಜಲ್ಲಿ ಇಟ್ಟಿವ್ನಿ ಕಣಮ್ಮ. ಮೈನ ಸಾರ್ ಮಾಡ್ಬುಟ್ಟೆ."

"ಜೀವ ಇರೋದು ಬೇಕಿತ್ತಲ್ಲ ಅತ್ತೆ."

"ನೀನೇ ಅಂದ್ಯಲ್ಲ, ಕಾಲಷ್ಟೇ ಸಾಕು ಅಂತ. ಕಾಲು ಕುಟ್ಟಿ ರಸ ಹಿಂಡ್ದೆ ಇದ್ರೆ ಸಾರು ಎಂಗಿರ್ತದೆ? ನಿನ್ನಿಂದ ನಿಮ್ಮಾವ ಸಪ್ಪೆ ಸಾರು ಉಣ್ತಾವ್ರೆ."

ಮಾವ ತಟ್ಟೆಯಿಂದ ತಲೆಯೆತ್ತದೆ, "ನೀರ್ ನೀರು" ಎಂದರು.

ನಾನು ಹಾಗೆ ಅಂದಿದ್ದೆನೇ? "ಕಾಲಿನ ನರ" ಎಂದದ್ದು ನನಗೆ ಚೆನ್ನಾಗಿ ನೆನಪಿದೆ. ಆದರೆ ಚೆನ್ನಾಗಿ ನೆನಪಿರುವುದರ ಮೇಲೆಯೇ ನನಗೆ ಅನುಮಾನ ಜಾಸ್ತಿ. ಈ ಕತೆಯನ್ನು ಗೆಳತಿಯರಿಗೆ ಹೇಳಿ ಹೇಳಿ ಅದು ನನ್ನ ಕಡೆಗೇ ವಾಲಿಕೊಂಡಿರಬಹುದು.

ಮೂವರೂ ಮತ್ತೆ ಗದ್ದೆಗೆ ಹೋದೆವು.

"ಹಗಲೊತ್ತು ಬಿಲದಾಗೆ ಇರ್ತವೆ. ಕೈ ಹಾಕ್ಬೇಕು" ಎಂದರು ಮಾವ.

"ಹಾಕಿ ಮತ್ತೆ" ಎಂದರು ಅತ್ತೆ.

"ಸೊಸೆ ನಿನ್ನೋಳು. ನೀನಾಕು."

ಅತ್ತೆ ಮೊಣಕೈವರೆಗೆ ಕೈ ಹಾಕಿ ಹೊರಗೆಳೆದರೆ ಬೆರಳಿಗೆ ದಪ್ಪ ಏಡಿಯೊಂದು ಕಚ್ಚಿಕೊಂಡಿತ್ತು. ಒತ್ತಾಯದಿಂದ ಎಳೆದರೆ ಏಡಿ ತನ್ನ ಕಾಲನ್ನೇ ಕಳಚಿ ಕೊಟ್ಟುಬಿಡುತ್ತದೆ. ಹಾಗಾಗಿ ಅದು ತಾನಾಗಿ ಬಿಡುವ ತನಕ ಅತ್ತೆ ಕೈಯನ್ನು ಬಕೆಟ್ಟಿನ ನೀರಿನಲ್ಲಿ ಅದ್ದಿಕೊಂಡು ಬದುವಿನ ಮೇಲೆ ಕೂತರು, ಏಡಿಯನ್ನೂ ನನ್ನನ್ನೂ ಸೇರಿಸಿ ಬೈಯುತ್ತ. ಬಸ್ಸಿನಲ್ಲಿ ಬಕೆಟ್ ನನ್ನ ತೊಡೆಯ ಮೇಲೆಯೇ ಇತ್ತು.

ಸೋಮವಾರ ಗೆರೆ ಅಲುಗಿತು. ತುಸುವೇ, ಅದೂ ಕೆಳಮುಖವಾಗಿ. ಆಸೆಗೆ ಹಾಗೆ ಕಂಡಿತೇನೋ ಎಂದು ಗ್ರಾಹಕಗಳನ್ನು ತಡೆಯುವ ಔಷಧ ಹಾಕಿದೆ, ಗೆರೆ ಸುಮ್ಮನಾಯಿತು. ಔಷಧ ತೊಳೆದೆ, ಮತ್ತೆ ಅಲುಗಿತು. ಗೈಡ್ ಎರಡು ಸಲ ನೋಡಿ, ಇದೇ ವಿಷಯ ಇರಲಿ ಎಂದರು.

ಅತ್ತೆಗೆ ಫೋನ್ ಮಾಡಿದೆ.

"ಕೆಲಸ ಆಯ್ತು ಅತ್ತೆ."

"ಆಗ್ಲಿ ಬುಡು. ನನ್ನ ಬೆರಳಿನ್ನೂ ಊದ್ಕಂಡೈತೆ. ಕಾಲು ತಗಂಡೆ, ಸರಿ. ಮೈ ಏನ್ ಮಾಡ್ದೆ?"

ಪ್ರಯೋಗದ ಏಡಿಯನ್ನು ತಿನ್ನುವಂತಿಲ್ಲ, ಬಿಸಾಡುತ್ತೇವೆ ಎಂದೆ. ಆ ಕಡೆ ಅತ್ತೆ ಮಾವನಿಗೆ ಹೇಳುವುದು ಕೇಳಿಸಿತು: "ಬಿಸಾಕ್ತಾರಂತೆ ಕಣ್ರೀ."