ರಾಜಮ್ಮನ ಕೋಟೆಯ ಗರಿಕೆ

ನೆನೆಸಿಟ್ಟ ಅವರೆಕಾಳು ಹಿದುಕುತ್ತಾ ಕೂತಿದ್ದೆ. ಪಕ್ಕದ ಮನೆಯ ಸರೋಜಮ್ಮ ಗೇಟಿನ ಹತ್ತಿರವೇ ನಿಂತು, "ಕೋಟೆ ರಾಜಮ್ಮ ಹೋಗ್ಬುಟ್ರಂತೆ ಕಣ್ರೀ, ಬೆಳಗ್ಗೆ" ಅಂದರು. ಬೆರಳ ನಡುವಿದ್ದ ಕಾಳು ಚಿಮ್ಮಿ ಅಂಗಳಕ್ಕೆ ಬಿತ್ತು.

ಚಪ್ಪಲಿ ಬಿಟ್ಟು ಕೋಟೆ ಹತ್ತುತ್ತಿದ್ದವಳು ರಾಜಮ್ಮ. ಕೋಟೆ ಅಂದರೆ ಕಲ್ಲಿನದಲ್ಲ. ನಮ್ಮ ಬೀದಿಯ ಕೊನೆಯಲ್ಲಿ ಯಾವ ಕಾಲದ ಅರಸನೋ ಹಾಕಿಸಿದ ಮಣ್ಣಿನ ಏರಿ, ಅರ್ಧ ಮುಚ್ಚಿಹೋದ ಕಂದಕ. ಸುತ್ತ ತಂತಿಬೇಲಿ, ಸಂರಕ್ಷಿತ ಸ್ಮಾರಕ ಅಂತ ನೀಲಿ ಬೋರ್ಡು. ತೊಂಬತ್ತರ ದಶಕದಲ್ಲಿ ನಾವು ರಾಮಕೃಷ್ಣನಗರದ ಬಾಡಿಗೆ ಮನೆ ಬಿಟ್ಟು ಇಲ್ಲಿಗೆ ಬಂದಾಗಲೇ ಅವಳು ಅಲ್ಲಿ ದಿನಗೂಲಿ ಕಾವಲಿಗಿದ್ದಳು. ಮಳೆ ನಿಂತೊಡನೆ ಕುಕ್ಕರಗಾಲಲ್ಲಿ ಕೂತು, ಕೊರಕಲಿಗೆ ಮಣ್ಣು ತುಂಬಿ, ಗರಿಕೆ ನೆಟ್ಟು, ಮಗುವನ್ನು ಮಲಗಿಸುವ ಹಾಗೆ ಅಂಗೈಯಿಂದ ತಟ್ಟುವಳು. ಯಾರಾದರೂ ಹುಲ್ಲಿಗೆ ಕೈಹಾಕಿದರೆ, "ಕಲ್ಲಿನ್ ಕೋಟೆಗೆ ಗಾರೆ, ಮಣ್ಣಿನ್ ಕೋಟೆಗೆ ಗರಿಕೆ ಬೇರು. ಬುಡ್ರಮ್ಮ ಕೈಯ!"

ಆದರೆ ಪ್ರತಿ ಸಂಕಷ್ಟಿಗೂ ನಮ್ಮತ್ತೆಗೆ ಮಾತ್ರ, ಬೇಲಿಯ ಹೊರಗೆ ಹಬ್ಬಿದ್ದರಲ್ಲಿ ಕುಡಿ ಚಿವುಟಿ, ಇಪ್ಪತ್ತೊಂದು ಎಣಿಸಿ, ಬಾಳೆನಾರಲ್ಲಿ ಕಟ್ಟಿ ತರುವಳು. ಅತ್ತೆ ಕಣ್ಣಿಗೊತ್ತಿಕೊಂಡು, "ಎಷ್ಟು ಶುದ್ಧ ಕೈಯೇ ನಿಂದು! ಬಾ, ಕಾಫಿ ಕುಡಿ" ಅನ್ನುವರು. ಉಪವಾಸವಿದ್ದು ಮಡಿಯಲ್ಲಿ ನೈವೇದ್ಯ ಮಾಡುವ ನನ್ನ ಕೈಯ ಬಗ್ಗೆ ಒಂದು ಮಾತಿಲ್ಲ. ಆ ಕಾಫಿ ಬೆರೆಸುವವಳೂ ನಾನೇ. ದೇವರೆದುರು ಸುಳ್ಳೇಕೆ, ಹೊಟ್ಟೆ ಉರಿಯುತ್ತಿತ್ತು.

ಒಂದು ಮಳೆಗಾಲದ ಸಂಕಷ್ಟಿಗೆ ಅವಳಿಗಿಂತ ಮುಂಚೆ ನಾನೇ ಬೇಲಿ ನುಸುಳಿದೆ. ಅವಸರಕ್ಕೆ ಏರಿಯ ಮೇಲಿಂದಲೇ ಎರಡು ಹಿಡಿ ಬೇರುಸಹಿತ ಕಿತ್ತು ತಂದೆ. ದೇವರಿಗೆ ಕುಡಿಗಳನ್ನು ಚಿವುಟಿಕೊಂಡು, ಬೇರನ್ನು ತುಳಸಿಕಟ್ಟೆಯ ಹಿಂದೆ ಬಿಸಾಕಿದೆ. ಅತ್ತೆ "ಹ್ಞೂಂ, ಇಡು" ಅಂದರು. ಅಷ್ಟೇ.

ಮಾರನೆಯ ದಿನದ ಮಳೆಗೆ, ಕಿತ್ತ ಜಾಗದಿಂದಲೇ ಮಣ್ಣು ಕೊಚ್ಚಿ ಆಳುದ್ದ ಕೊರಕಲು ಬಿತ್ತು. ನೋಡಲು ಬಂದ ಇಲಾಖೆಯ ಸಾಹೇಬರು, "ಇನ್ನೊಂದ್ಸಲ ಹಿಂಗಾದ್ರೆ ಕೆಲಸಕ್ಕೆ ಬರಬೇಡ" ಎಂದು ರಾಜಮ್ಮನನ್ನು ಬೈದದ್ದು ನಮ್ಮ ಜಗುಲಿಗೇ ಕೇಳಿಸಿತು. ನಾನು ಬಾಯಿ ಬಿಡಲಿಲ್ಲ.

ಸಂಜೆ ಅವಳು ನಮ್ಮ ಹಿತ್ತಲಿಗೆ ಬಂದಳು. ತುಳಸಿಕಟ್ಟೆಯ ಹಿಂದೆ ಬಾಡುತ್ತಿದ್ದ ಬೇರುಗಳನ್ನು ಒಂದೊಂದಾಗಿ ಸೆರಗಿಗೆ ತುಂಬಿಕೊಂಡಳು. "ಇನ್ನೂ ಜೀವ ಐತೆ ಕಣಮ್ಮ. ನೆಟ್ರೆ ಹಿಡ್ಕತ್ತವೆ." ಅವಳ ಕೆಲಸ ಉಳಿಯಿತು, ಗಣಪನ ದಯೆ. ಆದರೆ ಅವಳ ಆ ಒಳ್ಳೆಯತನಕ್ಕೂ ನನಗೆ ಹೊಟ್ಟೆಕಿಚ್ಚೇ ಆಯಿತು. ನಾಲ್ಕು ಬೈದಿದ್ದರೆ ಹಗುರವಾಗುತ್ತಿತ್ತು.

ಈಗ ಒಳಗೆ ಹೋಗಿ ಅತ್ತೆಗೆ ಸಾವಿನ ಸುದ್ದಿ ಹೇಳಿದೆ. ಬಹಳ ಹೊತ್ತು ಕಣ್ಣೊರೆಸಿಕೊಂಡರು. ನಾನು ಸತ್ತರೆ ಇಷ್ಟು ಅಳುತ್ತಾರೋ ಇಲ್ಲವೋ ಅಂತ ಆಗಲೂ ಅನ್ನಿಸಿತು, ದೇವರೇ ಕ್ಷಮಿಸಬೇಕು.

"ನಾಡಿದ್ದು ಸಂಕಷ್ಟಿ. ಗರಿಕೆ ಇನ್ನು ನೀನೇ ತಾಮ್ಮ" ಅಂದರು. ಎಷ್ಟು ವರ್ಷ ಕಾದಿದ್ದ ಮಾತು! ಹೊರಡಲು ತಿರುಗಿದೆ.

"ಬೇರು ಮಾತ್ರ ಕೀಳ್ಬೇಡ."

ಬಾಗಿಲಲ್ಲೇ ನಿಂತುಬಿಟ್ಟೆ. ಅತ್ತೆ ನನ್ನ ಕಡೆ ನೋಡಲಿಲ್ಲ. ಗೊತ್ತಿದ್ದೂ ಇಷ್ಟು ವರ್ಷ ಒಂದು ದಿನವೂ ಎತ್ತಿ ಆಡಲಿಲ್ಲವಲ್ಲ, ಅದೂ ಒಂದು ಕರುಣೆಯೇ. ಅಂಗಳಕ್ಕೆ ಬಿದ್ದಿದ್ದ ಕಾಳನ್ನು ಹೆಕ್ಕಿ ತೊಳೆದುಕೊಂಡು, ಮತ್ತೆ ಅವರೆ ಹಿದುಕಲು ಕೂತೆ.