ಉದ್ದನೆಯ ಹಲಗೆ

ದಿನಾ ವಾಕಿಂಗ್ ಹೊರಟು ಬೆಳಿಗ್ಗೆ ಆರು ಹತ್ತಕ್ಕೆ ನಾನು ದೊಡ್ಡಬಳ್ಳಾಪುರದ ಹಳೇ ಬಸ್ ನಿಲ್ದಾಣ ದಾಟುತ್ತೇನೆ. ಐದು ನಿಮಿಷ ಹೆಚ್ಚುಕಡಿಮೆಯಾದರೆ ಇಡೀ ದಿನವೇ ಕೆಟ್ಟಂತೆ. ನೀವು ನಗಬಹುದು. ಬಾಶೆಟ್ಟಿಹಳ್ಳಿಯ ಕಾರ್ಖಾನೆಯ ಸೈರನ್ನಿಗೆ ಮೂವತ್ತೆರಡು ವರ್ಷ ಓಗೊಟ್ಟವನು ನಾನು. ನಿವೃತ್ತಿಯಾದ ಮೇಲೆ ಅದು ನನ್ನೊಳಗೇ ಕೂಗುತ್ತಿದೆ.

ಮೊನ್ನೆ ಮಾತ್ರ ನಡುದಾರಿಯಲ್ಲಿ ನಿಂತುಬಿಟ್ಟೆ. ಇಡ್ಲಿ ಹೋಟೆಲಿನ ಎದುರು ದುಂಡು ಮೂತಿಯ ಹಳೇಕಾಲದ ವ್ಯಾನೊಂದು ನಿಂತಿತ್ತು. ಕಿಟಕಿಗೆ ಹೂವಿನ ಪರದೆ, ಒಳಗೆ ಒಲೆ, ಪಾತ್ರೆ, ಮಲಗುವ ಹಲಗೆಗಳು. ಬಾಗಿಲಲ್ಲಿ ಕೂತು ಒಬ್ಬ ಯುವಕ ಟೀ ಸೋಸುತ್ತಿದ್ದ. ಟೀ ಘಮದ ಹಿಂದೆಯೇ ವಾರ್ನಿಷ್ ವಾಸನೆ ಬಂತು.

ನನ್ನ ತಮ್ಮ ಶಿವಣ್ಣನ ಮೈಯಿಂದ ಎರಡು ವರ್ಷ ಇದೇ ವಾಸನೆ ಬರುತ್ತಿತ್ತು. ಅವನು ಮಗ್ಗ ರಿಪೇರಿಯವನು, ಮದುವೆಯಾಗದವನು, ನಮ್ಮ ಮನೆಯ ಮುಂಗೋಣೆಯಲ್ಲೇ ಇದ್ದವನು. ಎಲ್ಲಿಂದಲೋ ಒಂದು ಹಳೇ ವ್ಯಾನ್ ತಂದು ಬಾಗಿಲಲ್ಲಿ ನಿಲ್ಲಿಸಿ, ಭಾನುವಾರಗಳೆಲ್ಲ ಅದನ್ನು ಮನೆ ಮಾಡುತ್ತ ಕೂತ.

“ಏನ್ಲಾ ಶಿವಣ್ಣ, ಆಂಬುಲೆನ್ಸಾ?” ಎಂದು ಬೀದಿಯವರು ಕೆಣಕಿದರೆ, “ಹೂಂ ಕಣೋ, ಮೊದಲ್ನೇ ಪೇಷೆಂಟು ನೀನೇ, ಹತ್ತು” ಅನ್ನುತ್ತಿದ್ದ.

ಅವನಿಗೆ ಸಮುದ್ರ ನೋಡಬೇಕಿತ್ತು. ನಾನೂ ನೋಡಿರಲಿಲ್ಲ, ಆದರೆ ನನಗೆ ಪುರುಸೊತ್ತು ಎಲ್ಲಿತ್ತು?

“ಅಣ್ಣ, ನಿಂಗೆ ರಜ ಎಷ್ಟೈತೆ?” ಎಂದು ಒಂದು ಸಲ ಕೇಳಿದ.

“ನಾನು ರಜ ಹಾಕೋನಲ್ಲ, ಗೊತ್ತಲ್ಲ ನಿಂಗೆ.”

ಆಮೇಲೆ ಇನ್ನೆರಡು ಸಲ ಕೇಳಿದ. ನನ್ನ ಶಿಸ್ತನ್ನು ಆಡಿಕೊಳ್ಳುತ್ತಿದ್ದಾನೆ ಎಂದುಕೊಂಡೆ. ನಮ್ಮ ಮನೆಯಲ್ಲಿ ಚಿಕ್ಕವರು ದೊಡ್ಡವರನ್ನು ನೇರವಾಗಿ ‘ಬಾ’ ಎಂದು ಕರೆದವರಲ್ಲ, ಸುತ್ತಿ ಬಳಸಿ ಕೇಳುವವರು. ಗೊತ್ತಿದ್ದೂ ನನಗೆ ಹೊಳೆಯಲಿಲ್ಲ.

ಒಂದು ಸಂಜೆ ಟೇಪು ಹಿಡಿದು ಬಂದು, ನನ್ನನ್ನು ಗೋಡೆಗೆ ನೆಟ್ಟಗೆ ನಿಲ್ಲಿಸಿ ಅಳೆದ. ನಾನು ಅವನಿಗಿಂತ ಗೇಣುದ್ದ ಎತ್ತರ.

“ಯಾಕೋ ಇದು?”

“ಬಾಗ್ಲು ಎತ್ತರ ಸಾಕಾ ಅಂತ ನೋಡಕ್ಕೆ.”

ಕೆಲಸ ಮುಗಿದಾಗ ಹೊರಗೆ ನಿಂತೇ ತಪಾಸಣೆ ಮಾಡಿದೆ. “ಇರೋನು ಒಬ್ಬ, ಎರಡು ಹಲಗೆ ಯಾಕೆ?”

“ಸಾಮಾನು ಇಡಕ್ಕೆ, ಇರ್ಲಿ ಬಿಡಣ್ಣ.”

ಅಷ್ಟರಲ್ಲಿ ಮಗಳ ನಿಶ್ಚಿತಾರ್ಥ ಬಂತು. “ಬೀಗರು ಬರೋ ಹೊತ್ತಿಗೆ ಬಾಗ್ಲಲ್ಲಿ ಈ ಗುಜರಿ ಇರಬಾರದು” ಎಂದು ಮೂರು ದಿನದ ಗಡುವು ಕೊಟ್ಟೆ. ಮೂರನೆಯ ದಿನ ಶಿಫ್ಟ್ ಮುಗಿಸಿ ಬಂದಾಗ ವ್ಯಾನ್ ಇರಲಿಲ್ಲ. ನೆಲದ ಎಣ್ಣೆ ಕಲೆಯನ್ನು ಅವನು ಮರದ ಹೊಟ್ಟು ಹಾಕಿ ಉಜ್ಜುತ್ತಿದ್ದ. “ಗುಜರಿಯೋರು ತಗೊಂಡೋದ್ರಣ್ಣ” ಅಂದ. ಬೀಗರು ಅಂಗಳ ಚೊಕ್ಕಟವಾಗಿದೆ ಎಂದು ಹೊಗಳಿದರು. ನನಗೆ ಖುಷಿಯೇ ಆಯಿತು.

ನಾಲ್ಕು ವರ್ಷದ ಮೇಲೆ ಶಿವಣ್ಣ ಮಗ್ಗದ ಪಕ್ಕದಲ್ಲೇ ಎದೆ ಹಿಡಿದುಕೊಂಡು ಕುಸಿದ. ಮಗಳ ಮದುವೆಗೂ ಒಂದೇ ದಿನ ರಜ ಹಾಕಿದ್ದವನು, ಅವನ ಮಣ್ಣಿಗೆ, ತಿಥಿಗೆ ಹನ್ನೊಂದು ದಿನ ಹಾಕಿದೆ. ರಜ ಬೇಕಾದಷ್ಟಿತ್ತು.

“ಒಳಗೆ ಬನ್ನಿ ತಾತ” ಎಂದು ಆ ಯುವಕ ಕರೆದ. ಅವನ ಹೆಂಡತಿ ಹೊದಿಕೆ ಮಡಿಸಿ ಜಾಗ ಮಾಡಿದಳು. ಹಲಗೆಗಳಲ್ಲಿ ಒಂದು ಗಿಡ್ಡ, ಒಂದು ಉದ್ದ. ಯಾಕೆಂದು ಕೇಳಿದೆ.

“ಮಲಗೋರ ಅಳತೆ ತಗೊಂಡೇ ಕೊಯ್ಯೋದು ತಾತ. ಇವ್ಳು ಕುಳ್ಳಿ, ಇವ್ಳಿಗೆ ಅಷ್ಟು ಸಾಕು.”

“ಇವ್ರೇನೋ ಭಾರಿ ಎತ್ತರ ನೋಡಿ” ಎಂದಳು ಅವಳು.

ಶಿವಣ್ಣನ ವ್ಯಾನಿನಲ್ಲೂ ಒಂದು ಹಲಗೆ ಉದ್ದವಿತ್ತು. ಸಾಮಾನು ಇಡಲು ಯಾರೂ ಅಷ್ಟುದ್ದ ಕೊಯ್ಯುವುದಿಲ್ಲ.

ಚಪ್ಪಲಿ ಬಿಟ್ಟು, ಕೇಳದೆಯೇ ಉದ್ದನೆಯ ಹಲಗೆಯ ಮೇಲೆ ಮಲಗಿದೆ. ಪಾದಗಳು ಅಂಚಿನಾಚೆ ಉಳಿದವು.

“ನಿಮ್ಗೆ ಸಾಲ್ದು ತಾತ” ಎಂದಳು ಹುಡುಗಿ.

“ನನ್ನ ಅಳತೆಗೆ ಒಂದು ಇತ್ತಮ್ಮ” ಎಂದೆ.

ಟೀ ಆರುತ್ತಿತ್ತು. ಆರು ಐವತ್ತಾಗಿತ್ತು. ನಾನು ಏಳಲಿಲ್ಲ.